ಪರಿವರ್ತನೆಗೆ ಮುನ್ನ: ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ ಮತ್ತು ಕಟ್ಟಡ ದಾಖಲಾತಿಯ ಪ್ರಶ್ನೆ

ಕರ್ನಾಟಕದಲ್ಲಿ ಕಟ್ಟಡಗಳನ್ನು ಅಳೆದು, ಓದಿ, ಬರೆದಿಡುವ ವಿದ್ವತ್ ಪರಂಪರೆ ಹೊಸದೇನಲ್ಲ. 19ನೇ ಶತಮಾನದ ಕೊನೆಯಲ್ಲಿ ಬಿ.ಎಲ್. ರೈಸ್ ಅವರ ನೇತೃತ್ವದಲ್ಲಿ ರೂಪುಗೊಂಡ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಶಾಸನಗಳ ಜೊತೆಗೆ ದೇವಾಲಯಗಳನ್ನೂ ತನ್ನ ಅಧ್ಯಯನದ ವ್ಯಾಪ್ತಿಗೆ ತಂದುಕೊಂಡಿತು. ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು 1917ರಲ್ಲಿ, ಬೇಲೂರಿನ ಕೇಶವ ದೇವಾಲಯ ಹಾಗೂ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯಗಳನ್ನು ಕುರಿತು 1919ರಲ್ಲಿ ಹೊರತಂದ ಕಿರುಗ್ರಂಥಗಳು ಇಂದಿಗೂ ಸಂಶೋಧಕರ ಕೈಪಿಡಿಗಳಾಗಿವೆ. ಈ ಪರಂಪರೆಯ ಫಲವಾಗಿ ಜಗತಿ, ಭಿತ್ತಿ, ನವರಂಗ, ಸುಕನಾಸಿ, ಭುವನೇಶ್ವರಿ ಮೊದಲಾದ ಪರಿಭಾಷೆ ಕನ್ನಡ ವಿದ್ವತ್ ಬರಹದಲ್ಲಿ ನೆಲೆಗೊಂಡಿದೆ. ದೇವಾಲಯದ ಒಂದು ಕಂಬ ಸ್ಥಾನ ಬದಲಿಸಿದರೂ ಅದನ್ನು ಗುರುತಿಸಿ ಚರ್ಚಿಸುವ ಕಣ್ಣು ನಮ್ಮ ಸಂಶೋಧನೆಗೆ ಇದೆ.

ಆದರೆ ಇದೇ ಕಣ್ಣು ಆಸ್ಪತ್ರೆ, ಕಚೇರಿ, ಸೆರೆಮನೆ, ಶಾಲೆ, ವಿದ್ಯಾರ್ಥಿನಿಲಯಗಳ ಮೇಲೆ ಬಿದ್ದದ್ದು ಕಡಿಮೆ. ಕಳೆದ ಒಂದೂವರೆ ಎರಡು ಶತಮಾನಗಳಲ್ಲಿ ನಾಡಿನ ಸಾಮಾನ್ಯ ಜನರ ಬದುಕನ್ನು ನೇರವಾಗಿ ರೂಪಿಸಿದ ಕಟ್ಟಡಗಳು ಇವೇ ಆಗಿದ್ದರೂ, ಇವುಗಳ ಬಗೆಗಿನ ಬರಹ ಬಹುತೇಕ ಕಟ್ಟಿಸಿದವರ ಹೆಸರು, ಕಟ್ಟಿದ ವರ್ಷ, ಮುಂಭಾಗದ ಶೈಲಿ ಎಂಬ ಮೂರು ಅಂಶಗಳಲ್ಲಿಯೇ ಮುಗಿದುಹೋಗುತ್ತದೆ. ಸಂಸ್ಥೆ ಬೇರೆಡೆಗೆ ಸ್ಥಳಾಂತರಗೊಂಡು, ಹಳೆಯ ಕಟ್ಟಡಕ್ಕೆ ಹೊಸ ಬಳಕೆ ನಿಗದಿಯಾದಾಗ ಈ ಕೊರತೆಯ ಪರಿಣಾಮ ಎದ್ದು ಕಾಣುತ್ತದೆ. ಹೊಸ ಬಳಕೆ ತನಗೆ ಬೇಕಾದುದನ್ನು ಉಳಿಸಿಕೊಳ್ಳುತ್ತದೆ, ಬೇಡವಾದುದನ್ನು ತೆಗೆಯುತ್ತದೆ. ಹಾಗೆ ತೆಗೆದುದು ಉಳಿಯಬಹುದಾದ ಸ್ಥಳ ದಾಖಲೆಯೊಂದೇ. ಆದ್ದರಿಂದ ದಾಖಲೆಯ ಕೆಲಸ ಹೊಸ ಬಳಕೆಯ ನಕ್ಷೆ ಸಿದ್ಧವಾಗುವ ಮೊದಲೇ, ಅದರ ಹಂಗಿಲ್ಲದೆ ನಡೆಯಬೇಕಾಗುತ್ತದೆ. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹವು ಸ್ವಾತಂತ್ರ್ಯ ಉದ್ಯಾನವಾಗಿ ಮಾರ್ಪಟ್ಟ ಬಗೆಯು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ನಿದರ್ಶನವಾಗಿದೆ.

1. ಕಟ್ಟಡ ಮತ್ತು ಅದರ ಕಾಲ

ಶೇಷಾದ್ರಿ ರಸ್ತೆಯ ಬದಿಯ ಕೇಂದ್ರ ಕಾರಾಗೃಹ ನಿರ್ಮಾಣವಾದದ್ದು 1860ರ ದಶಕದಲ್ಲಿ. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1862ರಿಂದ 1870ರವರೆಗೆ ಆ ಹುದ್ದೆಯಲ್ಲಿದ್ದವರು ಲೆವಿನ್ ಬೌರಿಂಗ್. ಸರ್ಕಾರದ 18 ಇಲಾಖೆಗಳನ್ನು ಒಂದೇ ಸೂರಿನಡಿ ತಂದ ಅಠಾರಾ ಕಚೇರಿ 1864ರಿಂದ 1868ರ ನಡುವೆ ಕಟ್ಟಲ್ಪಟ್ಟಿತು. ಕಚೇರಿಯೂ ಸೆರೆಮನೆಯೂ ಒಂದೇ ದಶಕದಲ್ಲಿ ಎದ್ದುನಿಂತವೆಂಬುದು ಗಮನಾರ್ಹ. ಕಡತಗಳನ್ನು ಒಂದೆಡೆ ಕೂಡಿಸಿದ ಆಡಳಿತವು ಅಪರಾಧಿಗಳನ್ನೂ ಒಂದೆಡೆ ಕೂಡಿಸಿತು. ಮೊದಲನೆಯದು ಕೆಂಪು ಗೋಡೆ, ಎತ್ತರದ ಕಂಬಸಾಲುಗಳೊಡನೆ ಎಲ್ಲರಿಗೂ ಕಾಣುವಂತೆ ನಿಂತಿತು. ಎರಡನೆಯದು ಎತ್ತರದ ಪ್ರಾಕಾರದ ಹಿಂದೆ ಮರೆಯಾಯಿತು. ವಾಸ್ತು ಚರಿತ್ರೆಯ ಬರಹಗಳಲ್ಲಿಯೂ ಈ ಎರಡರ ಸ್ಥಾನ ಬಹುಮಟ್ಟಿಗೆ ಹೀಗೆಯೇ ಉಳಿದುಬಂದಿದೆ.

ಕಾರಾಗೃಹದ ವಿನ್ಯಾಸದ ಕೇಂದ್ರದಲ್ಲಿ ಕಾವಲುಗೋಪುರವಿತ್ತು. ಅದರ ಸುತ್ತ ಚಕ್ರದ ಅರೆಗಳಂತೆ ಬ್ಯಾರಕ್‌ಗಳು ಹರಡಿಕೊಂಡಿದ್ದವು. ಈ ವಿನ್ಯಾಸವನ್ನು ವಿವರಿಸುವವರು ಸಾಮಾನ್ಯವಾಗಿ ಜೆರೆಮಿ ಬೆಂಥಾಮನ ‘ಪ್ಯಾನಾಪ್ಟಿಕಾನ್’ ಪರಿಕಲ್ಪನೆಯನ್ನು ನೆನಪಿಸಿಕೊಳ್ಳುತ್ತಾರೆ. 1791ರಲ್ಲಿ ಪ್ರಕಟವಾದ ಆ ಯೋಜನೆಗೂ ಬೆಂಗಳೂರಿನ ಕಟ್ಟಡಕ್ಕೂ ದೂರದ ನಂಟು ಉಂಟೆಂಬುದು ನಿಜ. ಆದರೆ ಎರಡೂ ಒಂದೇ ಎನ್ನುವುದು ಸರಿಯಲ್ಲ. ಬೆಂಥಾಮನ ಕಲ್ಪನೆಯಲ್ಲಿ ಕೋಣೆಗಳು ವೃತ್ತದ ಪರಿಧಿಯಲ್ಲಿದ್ದು, ನಡುವಿನ ಗೋಪುರದಿಂದ ಪ್ರತಿಯೊಬ್ಬ ಬಂದಿಯೂ ಕಾಣಬೇಕು. ಅರೆಗಳಂತೆ ಚಾಚಿದ ಸಾಲುಕಟ್ಟಡಗಳ ಮಾದರಿ ಬೇರೆ. ಅದು ಫಿಲಡೆಲ್ಫಿಯಾದಲ್ಲಿ 1829ರಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಸೆರೆಮನೆ ಹಾಗೂ ಲಂಡನ್ನಿನಲ್ಲಿ 1842ರಲ್ಲಿ ತೆರೆದ ಪೆಂಟನ್‌ವಿಲ್ ಸೆರೆಮನೆಗಳಿಂದ ಜಗತ್ತಿನ ಹಲವೆಡೆ ಹರಡಿತು. ಇಲ್ಲಿ ನಡುವೆ ನಿಂತ ಕಾವಲುಗಾರನಿಗೆ ಕಾಣುವುದು ಓಣಿ, ಅಂಗಳ, ಬಾಗಿಲುಗಳು. ಕೋಣೆಯ ಒಳಗೆ ಕುಳಿತ ವ್ಯಕ್ತಿ ಕಾಣುವುದಿಲ್ಲ.

ಭಾರತದ ಸೆರೆಮನೆಗಳಲ್ಲಿ ಇನ್ನೊಂದು ವ್ಯತ್ಯಾಸವೂ ಸೇರಿಕೊಂಡಿತು. ಪಶ್ಚಿಮದ ಮಾದರಿಗಳು ಒಬ್ಬೊಬ್ಬರಿಗೆ ಒಂದೊಂದು ಕೋಣೆ ಎಂಬ ತತ್ತ್ವದ ಮೇಲೆ ನಿಂತಿದ್ದರೆ, ಇಲ್ಲಿ ಬಹುಪಾಲು ಬಂದಿಗಳು ಉದ್ದನೆಯ ಬ್ಯಾರಕ್ಕಿನಲ್ಲಿ ಒಟ್ಟಾಗಿ ಮಲಗುತ್ತಿದ್ದರು. ಹೊರರೂಪ ಪೆಂಟನ್‌ವಿಲ್ಲಿನದು, ಒಳಬಾಳು ಬೇರೆಯದು. ನೋಡುವ ಗೋಪುರದ ಬಗ್ಗೆ ಎಷ್ಟು ಬರೆದರೂ, ರಾತ್ರಿ ಬಾಗಿಲು ಹಾಕಿದ ಮೇಲೆ ಹತ್ತಾರು ಮಂದಿ ಒಂದೇ ಸೂರಿನಡಿ ಮಲಗಿದ್ದ ಜಾಗದಲ್ಲಿ ಯಾರ ಅಧಿಕಾರ ನಡೆಯುತ್ತಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸಿದ್ಧ ಹೆಸರೊಂದನ್ನು ಕಟ್ಟಡಕ್ಕೆ ಅಂಟಿಸಿದಾಗ ಈ ಬಗೆಯ ಪ್ರಶ್ನೆಗಳು ಏಳುವುದೇ ಇಲ್ಲ. ಅಳತೆಪಟ್ಟಿ ಹಿಡಿದು ಒಳಹೊಕ್ಕವರಿಗೆ ಮಾತ್ರ ಅವು ಎದುರಾಗುತ್ತವೆ.

ಅಳತೆಯ ಮಹತ್ತ್ವಕ್ಕೆ ಒಂದು ಉದಾಹರಣೆಯನ್ನು ನೋಡಬಹುದು. ಬ್ರಿಟಿಷ್ ಭಾರತದ ಸೆರೆಮನೆಗಳನ್ನು ಪರಿಶೀಲಿಸಿದ 1864ರ ಸಮಿತಿಯು ಬಂದಿಗಳ ಮರಣ ಪ್ರಮಾಣದಿಂದ ಕಳವಳಗೊಂಡು, ಒಬ್ಬೊಬ್ಬರಿಗೆ ಕನಿಷ್ಠ 54 ಚದರ ಅಡಿ ನೆಲ ಹಾಗೂ 640 ಘನ ಅಡಿ ಅವಕಾಶವಿರಬೇಕೆಂದು ಶಿಫಾರಸು ಮಾಡಿತು. ಅಂದರೆ 9 ಅಡಿ ಉದ್ದ, 6 ಅಡಿ ಅಗಲದ ಜಾಗ ಮತ್ತು ಸುಮಾರು 12 ಅಡಿ ಎತ್ತರದ ಮಾಡು. ಈ ಲೆಕ್ಕದಂತೆ 100 ಅಡಿ ಉದ್ದ, 20 ಅಡಿ ಅಗಲದ ಬ್ಯಾರಕ್ಕಿನಲ್ಲಿ 37 ಜನರಿಗಿಂತ ಹೆಚ್ಚು ಇರುವಂತಿಲ್ಲ. ಬೆಂಗಳೂರಿನ ಕಾರಾಗೃಹ ಕಟ್ಟಲ್ಪಟ್ಟದ್ದು ಇದೇ ದಶಕದಲ್ಲಿ. ಪ್ರತಿಯೊಂದು ಬ್ಯಾರಕ್ಕಿನ ಉದ್ದ, ಅಗಲ, ಎತ್ತರ, ಕಿಟಕಿಗಳ ಸಂಖ್ಯೆ ಮತ್ತು ಸ್ಥಾನ ದಾಖಲಾಗಿದ್ದರೆ, ಅವನ್ನು ಆಯಾ ವರ್ಷದ ಆಡಳಿತ ವರದಿಗಳಲ್ಲಿನ ಬಂದಿಗಳ ಸಂಖ್ಯೆಯೊಡನೆ ಹೋಲಿಸಿ, ನಿಯಮಕ್ಕೂ ನಡವಳಿಕೆಗೂ ಇದ್ದ ಅಂತರವನ್ನು ತಿಳಿಯಬಹುದು. ಗೋಡೆ ಬಿದ್ದ ಮೇಲೆ ಈ ಲೆಕ್ಕಕ್ಕೆ ಅರ್ಧ ಆಧಾರವೇ ಇಲ್ಲವಾಗುತ್ತದೆ.

2. ಉದ್ಯಾನವಾದ ಸೆರೆಮನೆ

2000ದಲ್ಲಿ ಬಂದಿಗಳು ಪರಪ್ಪನ ಅಗ್ರಹಾರದ ಹೊಸ ಕಾರಾಗೃಹಕ್ಕೆ ಸ್ಥಳಾಂತರಗೊಂಡರು. ನಗರದ ನಡುವಣ ಸುಮಾರು 21 ಎಕರೆ ಜಮೀನು ತೆರವಾಯಿತು. ಇಷ್ಟು ಬೆಲೆಬಾಳುವ ಭೂಮಿ ವಾಣಿಜ್ಯ ಸಂಕೀರ್ಣವಾಗಿ ಮಾರ್ಪಡದೆ ಸಾರ್ವಜನಿಕ ಉದ್ಯಾನವಾದದ್ದು ಸಣ್ಣ ಸಂಗತಿಯಲ್ಲ. ವಿನ್ಯಾಸ ಸ್ಪರ್ಧೆಯೊಂದರ ಮೂಲಕ ಮ್ಯಾಥ್ಯೂ ಮತ್ತು ಘೋಷ್ ವಾಸ್ತುಶಿಲ್ಪಿಗಳು ಆಯ್ಕೆಯಾದರು. ಉದ್ಯಾನ 2008ರ ನವೆಂಬರಿನಲ್ಲಿ ತೆರೆಯಿತು.

ಈ ವಿನ್ಯಾಸದ ಗುಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಕಾವಲುಗೋಪುರ, ಕೆಲವು ಬ್ಯಾರಕ್‌ಗಳು, ಗೋಡೆಯ ಭಾಗಗಳನ್ನು ಅದು ಉಳಿಸಿಕೊಂಡಿದೆ. ಹೊಸದಾಗಿ ಕಟ್ಟಿದ್ದನ್ನು ಹಳೆಯದೆಂದು ನಂಬಿಸುವ ಕೃತಕ ಕಮಾನು, ಅಲಂಕಾರಗಳ ಮೊರೆಹೋಗಿಲ್ಲ. ಹಳೆಯದು ಹಳೆಯದಾಗಿ, ಹೊಸದು ಹೊಸದಾಗಿ ಕಾಣುತ್ತದೆ. ಬಯಲು ರಂಗಮಂದಿರ, ಪ್ರದರ್ಶನದ ಸ್ಥಳ, ನಡಿಗೆಯ ದಾರಿಗಳ ಜೊತೆಗೆ, ಪ್ರತಿಭಟನೆಗೆಂದೇ ಒಂದು ಭಾಗವನ್ನು ಬಿಟ್ಟುಕೊಟ್ಟಿರುವುದು ಇದರ ವಿಶಿಷ್ಟತೆ. ಸೆರೆಮನೆಯ ನೆಲದ ಮೇಲೆ ಜನ ನಿಂತು ಸರ್ಕಾರವನ್ನು ಪ್ರಶ್ನಿಸಬಹುದೆಂಬ ಕಲ್ಪನೆಗೆ ತನ್ನದೇ ಆದ ಘನತೆಯಿದೆ.

ವಿಮರ್ಶೆ ಆರಂಭವಾಗಬೇಕಾದುದು ಈ ಮೆಚ್ಚುಗೆಯ ನಂತರ. ಉದ್ಯಾನದ ದೃಷ್ಟಿಯಿಂದ ಗೋಪುರ ಉಳಿಯಬೇಕಾದ ವಸ್ತು. ಅದು ಎತ್ತರವಾಗಿದೆ, ದೂರದಿಂದ ಕಾಣುತ್ತದೆ, ಹಾದಿಗಳಿಗೆ ಕೇಂದ್ರವಾಗುತ್ತದೆ. ಬ್ಯಾರಕ್ಕಿನ ಉದ್ದ ಗೋಡೆ ಪ್ರದರ್ಶನಕ್ಕೆ ಒದಗುತ್ತದೆ. ಆದರೆ ಸೆರೆಮನೆ ಗೋಪುರ ಮತ್ತು ಬ್ಯಾರಕ್‌ಗಳಷ್ಟೇ ಆಗಿರುವುದಿಲ್ಲ. ಆ ಕಾಲದ ಯಾವ ಕೇಂದ್ರ ಕಾರಾಗೃಹವನ್ನು ತೆಗೆದುಕೊಂಡರೂ ಅಡುಗೆಮನೆ, ಉಗ್ರಾಣ, ಕೆಲಸದ ಕೊಟ್ಟಿಗೆಗಳು, ರೋಗಿಗಳ ಕೋಣೆ, ಹೆಂಗಸರ ವಿಭಾಗ, ಸಂದರ್ಶನದ ಕಿಂಡಿ, ನೀರಿನ ತೊಟ್ಟಿ, ಶೌಚದ ಸಾಲು, ವಾರ್ಡರುಗಳ ಠಾಣ್ಯ ಇವೆಲ್ಲ ಸೇರಿಯೇ ಆ ಸಂಸ್ಥೆ ನಡೆಯುತ್ತಿತ್ತು. ಇವುಗಳಲ್ಲಿ ಹೆಚ್ಚಿನವು ನೋಟಕ್ಕೆ ಸಾಧಾರಣ. ಶೈಲಿಯ ಹೆಸರಿಗೂ ಸಿಗುವುದಿಲ್ಲ. ಪರಿವರ್ತನೆಯ ನಕ್ಷೆಯಲ್ಲಿ ಮೊದಲು ಅಳಿಯುವುದು ಇಂಥವೇ. ದಿನವೆಲ್ಲ ಬಂದಿಗಳು ಓಡಾಡಿ, ದುಡಿದು, ಕಾಯಿಲೆ ಬಿದ್ದ ಜಾಗಗಳೂ ಇವೇ. ಹೀಗಾಗಿ ಉಳಿದ ಕಟ್ಟಡ ನಿಜವಾದುದೇ ಆಗಿದ್ದರೂ ಅದು ಹೇಳುವ ಕಥೆ ವಾಲಿಕೊಂಡಿರುತ್ತದೆ. ನೋಡುವವನ ಸ್ಥಾನ ಉಳಿದು, ನೋಡಿಸಿಕೊಂಡವನ ದಿನಚರಿ ಅಳಿಯುತ್ತದೆ.

3. ಹೆಸರು ಮಾಡಿದ ಆಯ್ಕೆ

‘ಸ್ವಾತಂತ್ರ್ಯ ಉದ್ಯಾನ’ ಎಂಬ ಹೆಸರೂ ಒಂದು ವ್ಯಾಖ್ಯಾನವೇ. ಆ ಹೆಸರಿಗೆ ಬಲವಾದ ಸಮರ್ಥನೆ ಇದೆ. 1942ರ ಚಳವಳಿಯಲ್ಲಿ ಬಂಧಿತರಾದ ಅನೇಕರು ಇಲ್ಲಿದ್ದರು. 1975ರ ಜೂನ್ 26ರಂದು, ಸಂಸತ್ತಿನ ಜಂಟಿ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಎ.ಬಿ. ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು ಬಂಧಿಸಿ ಇಲ್ಲಿಗೆ ತರಲಾಯಿತು. ರಾಜಕೀಯ ಬಂದಿಗಳ ಈ ಚರಿತ್ರೆ ಗೌರವಕ್ಕೆ ಅರ್ಹವಾದುದು.

ಆದರೆ ಆ ಚರಿತ್ರೆಯೊಳಗೂ ಕಟ್ಟಡದ ಸಾಕ್ಷ್ಯ ಎಷ್ಟು ಮುಖ್ಯವೆಂಬುದನ್ನು ಸ್ನೇಹಲತಾ ರೆಡ್ಡಿ ಅವರ ಪ್ರಸಂಗ ತೋರಿಸಿಕೊಡುತ್ತದೆ. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾದ ಈ ಕಲಾವಿದೆ 1976ರಲ್ಲಿ ಬಂಧಿತರಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದರು. ಅವರಿಗೆ ತೀವ್ರವಾದ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಅದೇ ತಿಂಗಳ 20ರಂದು ತೀರಿಕೊಂಡರು. ಅವರು ಸೆರೆಯಲ್ಲಿ ಬರೆದ ದಿನಚರಿ ಅದೇ ವರ್ಷ ಪ್ರಕಟವಾಯಿತು. ಉಸಿರಾಟದ ರೋಗಿಯೊಬ್ಬರು ಎಂಟು ತಿಂಗಳು ಕಳೆದ ಕೋಣೆಯ ಉದ್ದಗಲ ಎಷ್ಟು, ಗಾಳಿಕಿಂಡಿ ಎಷ್ಟು ಎತ್ತರದಲ್ಲಿತ್ತು, ಅದು ಯಾವ ದಿಕ್ಕಿಗೆ ತೆರೆಯುತ್ತಿತ್ತು, ನೆಲ ಕಲ್ಲಿನದೋ ಗಾರೆಯದೋ, ಗೋಡೆ ಮಳೆಗಾಲದಲ್ಲಿ ಜಿನುಗುತ್ತಿತ್ತೋ, ರೋಗಿಗಳ ಕೋಣೆಗೆ ಅಲ್ಲಿಂದ ಎಷ್ಟು ಹೆಜ್ಜೆ ಎಂಬ ಪ್ರಶ್ನೆಗಳು ಇಲ್ಲಿ ವಾಸ್ತುಶಿಲ್ಪದ ಒಣ ವಿವರಗಳಾಗಿ ಉಳಿಯುವುದಿಲ್ಲ. ದಿನಚರಿಯ ಮಾತಿಗೆ ಗೋಡೆ ನೀಡುವ ಸಾಕ್ಷ್ಯವಾಗುತ್ತವೆ. ಪಠ್ಯವೂ ಕಟ್ಟಡವೂ ಎದುರುಬದುರು ನಿಂತಾಗಲೇ ಚರಿತ್ರೆ ಗಟ್ಟಿಯಾಗುತ್ತದೆ. ಪಠ್ಯ ಉಳಿದು ಕಟ್ಟಡ ಹೋದರೆ, ನೋವನ್ನು ನಂಬುವುದು ಓದುಗನ ಸಹೃದಯತೆಗೆ ಬಿಟ್ಟ ವಿಷಯವಾಗಿಬಿಡುತ್ತದೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಸುಮಾರು 130 ವರ್ಷಗಳ ಕಾಲ ಈ ಪ್ರಾಕಾರದೊಳಗೆ ಬಂದು ಹೋದವರಲ್ಲಿ ಬಹುಸಂಖ್ಯಾತರು ರಾಜಕೀಯ ಬಂದಿಗಳಲ್ಲ. ಕಳವು, ಜಗಳ, ಸಾಲ, ಕೊಲೆ, ಸುಳ್ಳು ಆಪಾದನೆ ಹೀಗೆ ನಾನಾ ಕಾರಣಗಳಿಂದ ಒಳಬಂದ ಬಡವರು ಅವರು. ಅವರು ದಿನಚರಿ ಬರೆಯಲಿಲ್ಲ. ಬರೆಯಲು ಅಕ್ಷರವೂ ಹಲವರಿಗೆ ಇರಲಿಲ್ಲ. ‘ಸ್ವಾತಂತ್ರ್ಯ’ ಎಂಬ ಹೆಸರಿನೊಳಗೆ ಅವರಿಗೆ ಸುಲಭವಾಗಿ ಜಾಗ ಸಿಗುವುದಿಲ್ಲ. ಅವರ ಪಾಲಿಗೆ ಉಳಿಯಬಹುದಾಗಿದ್ದ ಏಕಮಾತ್ರ ಬರಹ ಕಟ್ಟಡವೇ ಆಗಿತ್ತು: ಸವೆದ ಹೊಸ್ತಿಲು, ಬೆನ್ನೊರಗಿ ನುಣುಪಾದ ಗೋಡೆ, ಉಗುರಿನಿಂದಲೋ ಮೊಳೆಯಿಂದಲೋ ಗೀರಿದ ದಿನಗಳ ಲೆಕ್ಕ. ಇಂಥ ಗುರುತುಗಳು ಸುಣ್ಣದ ಒಂದು ಬಳಿತಕ್ಕೆ ಮುಚ್ಚಿಹೋಗುತ್ತವೆ. ಗಣ್ಯ ಬಂದಿಗಳಿಗೆ ಗ್ರಂಥಗಳಿವೆ, ಸ್ಮಾರಕಗಳಿವೆ. ಅನಾಮಿಕ ಬಂದಿಗೆ ಇದ್ದದ್ದು ಗೋಡೆಯೊಂದೇ ಎಂಬುದನ್ನು ಮರೆತರೆ, ಕಟ್ಟಡ ದಾಖಲಾತಿ ಬರೀ ಅಳತೆಯ ಕೆಲಸವೆಂಬ ತಪ್ಪು ತಿಳಿವಳಿಕೆ ಉಳಿಯುತ್ತದೆ.

4. ದಾಖಲೆ ಎಂದರೆ ಯಾವುದು?

ಪರಿವರ್ತನೆಗೆ ಮುನ್ನ ಕೆಲವು ಛಾಯಾಚಿತ್ರಗಳನ್ನು ತೆಗೆದು, ನೆಲನಕ್ಷೆಯೊಂದನ್ನು ಬರೆದಿಟ್ಟರೆ ದಾಖಲೆ ಪೂರ್ಣವಾಯಿತೆಂಬ ಭಾವನೆ ವ್ಯಾಪಕವಾಗಿದೆ. ನೆಲನಕ್ಷೆ ಕಟ್ಟಡದ ಕೊನೆಯ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಸಂಸ್ಥೆಯ ಕಟ್ಟಡ ಒಂದೇ ಸಲ ಕಟ್ಟಿ ಮುಗಿಸಿದ ಕೃತಿಯಾಗಿರುವುದಿಲ್ಲ. ಬಾಗಿಲು ಕಿಟಕಿಯಾಗುತ್ತದೆ, ಜಗಲಿ ಕೋಣೆಯಾಗುತ್ತದೆ, ತಾರಸಿಯ ಮೇಲೆ ಮತ್ತೊಂದು ಅಂತಸ್ತು ಏಳುತ್ತದೆ. ಈ ಬದಲಾವಣೆಗಳ ಅನುಕ್ರಮವೇ ಸಂಸ್ಥೆಯ ಚರಿತ್ರೆ.

ಆ ಅನುಕ್ರಮವನ್ನು ಓದುವ ವಿಧಾನ ಶಾಸನ ಓದುವ ವಿಧಾನಕ್ಕೆ ಹತ್ತಿರವಾದುದು. ಎರಡು ಗೋಡೆಗಳು ಸೇರುವಲ್ಲಿ ಇಟ್ಟಿಗೆಗಳು ಒಂದರೊಳಗೊಂದು ಹೆಣೆದುಕೊಂಡಿದ್ದರೆ ಅವು ಒಟ್ಟಿಗೆ ಕಟ್ಟಿದವು. ನೇರ ಸಂದು ಕಂಡರೆ ಒಂದು ಗೋಡೆ ಅನಂತರದ್ದು. ಸುಣ್ಣದ ಗಾರೆಯ ನಡುವೆ ಸಿಮೆಂಟು ಕಂಡಲ್ಲಿ ದುರಸ್ತಿ ನಡೆದಿದೆ. ಹೆಂಚಿನ ಮಾಡಿದ್ದರೆ ಪ್ರತಿ ಹೆಂಚಿನ ಅಡಿಭಾಗವನ್ನು ಗಮನಿಸಬೇಕು. ಕಾರ್ಖಾನೆಯ ಅಚ್ಚು ಅಲ್ಲಿರುತ್ತದೆ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಆದ್ದರಿಂದ ಆ ಅಚ್ಚಿರುವ ಹೆಂಚು ಅದಕ್ಕಿಂತ ಹಿಂದಿನ ಮಾಡಿನದಾಗಿರಲು ಸಾಧ್ಯವಿಲ್ಲ. ಲಿಪಿಯಿಂದ ಶಾಸನದ ಕಾಲ ನಿರ್ಣಯಿಸುವ ವಿದ್ವಾಂಸರಿಗೆ ಈ ತರ್ಕ ಅಪರಿಚಿತವಲ್ಲ. ಇದರ ಜೊತೆಗೆ ಲೋಕೋಪಯೋಗಿ ಇಲಾಖೆಯ ಅಂದಾಜುಪಟ್ಟಿ, ಅಳತೆ ಪುಸ್ತಕ, ಸಂಸ್ಥಾನದ ವಾರ್ಷಿಕ ಆಡಳಿತ ವರದಿ, ಪತ್ರಾಗಾರದ ಕಡತಗಳನ್ನು ಕಟ್ಟಡದೊಡನೆ ಇಟ್ಟು ನೋಡಬೇಕು. ಕಡತ ಹೇಳಿದ ಕೆಲಸ ಕಟ್ಟಡದಲ್ಲಿ ಕಾಣದಿದ್ದರೆ ಅದೂ ಒಂದು ಸಂಗತಿ. ಕಟ್ಟಡದಲ್ಲಿ ಕಂಡದ್ದು ಕಡತದಲ್ಲಿ ಇಲ್ಲದಿದ್ದರೆ ಅದು ಇನ್ನೂ ದೊಡ್ಡ ಸಂಗತಿ.

ಕೊನೆಯದಾಗಿ, ಅಲ್ಲಿ ಬದುಕಿದವರ ಮಾತು. ವಾರ್ಡರು, ಅಡುಗೆಯವರು, ಔಷಧ ಕೊಡುತ್ತಿದ್ದವರು, ಬಿಡುಗಡೆಯಾದವರು ಕಟ್ಟಡವನ್ನು ವಾಸ್ತುಶಿಲ್ಪಿಗಿಂತ ಬೇರೆಯಾಗಿ ಬಲ್ಲರು. ಯಾವ ಬಾಗಿಲು ಯಾವ ಹೊತ್ತಿಗೆ ತೆರೆಯುತ್ತಿತ್ತು, ಯಾವ ಮೂಲೆ ಕಾವಲಿನ ಕಣ್ಣಿಗೆ ಬೀಳುತ್ತಿರಲಿಲ್ಲ ಎಂಬುದು ಅವರಿಗಷ್ಟೇ ಗೊತ್ತು. ಅವರನ್ನು ಅದೇ ಆವರಣದಲ್ಲಿ ನಡೆಸಿಕೊಂಡು ಹೋಗಿ ಕೇಳಿದರೆ ದೊರೆಯುವ ನೆನಪು, ಮನೆಯಲ್ಲಿ ಕೂರಿಸಿ ಕೇಳಿದರೆ ದೊರೆಯುವುದಿಲ್ಲ. ಗೋಡೆ ನಿಂತಿರುವಾಗ ಮಾತ್ರ ಸಾಧ್ಯವಾಗುವ ಕೆಲಸವಿದು.

ಈ ಬಗೆಯ ಕೆಲಸ ಅಸಾಧ್ಯವಾದುದಲ್ಲವೆಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ಇದೆ. ಅಲ್ಲಿ 1908ರಲ್ಲಿ ಸ್ಥಾಪನೆಯಾದ ಐತಿಹಾಸಿಕ ಸ್ಮಾರಕಗಳ ರಾಜ ಆಯೋಗವು, 20ನೇ ಶತಮಾನದ ಕೊನೆಯಲ್ಲಿ ಹಳೆಯ ಆಸ್ಪತ್ರೆಗಳು ಸಾಲಾಗಿ ಮುಚ್ಚತೊಡಗಿದಾಗ ಅವುಗಳ ಸಮೀಕ್ಷೆ ಕೈಗೊಂಡಿತು. ಅದರ ಫಲವಾಗಿ ಇಂಗ್ಲಿಷ್ ಆಸ್ಪತ್ರೆಗಳ ವಾಸ್ತು ಚರಿತ್ರೆ 1998ರಲ್ಲಿ, ಬಡವರ ದುಡಿಮೆಮನೆಗಳ ಚರಿತ್ರೆ 1999ರಲ್ಲಿ ಗ್ರಂಥರೂಪದಲ್ಲಿ ಬಂದವು. ಸೆರೆಮನೆಗಳ ವಾಸ್ತು ಚರಿತ್ರೆ 2002ರಲ್ಲಿ ಪ್ರಕಟವಾಯಿತು. 2006ರ ಮಾರ್ಗಸೂಚಿಯೊಂದು ಕಟ್ಟಡ ದಾಖಲೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿ, ಯಾವ ಸಂದರ್ಭಕ್ಕೆ ಯಾವ ಹಂತ ಸಾಕು ಎಂಬುದನ್ನು ಹೇಳಿತು. ಆದರೆ ಈ ನಿದರ್ಶನವನ್ನು ಆರಾಧಿಸಬೇಕಾಗಿಲ್ಲ. ಲಂಡನ್ನಿನ ಉತ್ತರಕ್ಕೆ 1851ರಲ್ಲಿ ತೆರೆದು 1993ರಲ್ಲಿ ಮುಚ್ಚಿದ ಕೋಲ್ನಿ ಹ್ಯಾಚ್ ಮಾನಸಿಕ ಆಸ್ಪತ್ರೆ ಐಷಾರಾಮಿ ವಸತಿ ಸಮುಚ್ಚಯವಾಗಿ ಮಾರ್ಪಟ್ಟಿತು. ಮುಂಭಾಗ ಹೊಳೆಯುತ್ತದೆ; ಹಳೆಯ ಹೆಸರು ಹೋಗಿದೆ. ದಾಖಲೆ ಇದ್ದ ಮಾತ್ರಕ್ಕೆ ಮರೆವು ತಪ್ಪುವುದಿಲ್ಲ. ಆದರೆ ದಾಖಲೆ ಇದ್ದರೆ ಮರೆವನ್ನು ಪ್ರಶ್ನಿಸಲು ಬರುತ್ತದೆ.

ನಮ್ಮ ದೇಶದೊಳಗಿನ ನಿದರ್ಶನ ಅಂಡಮಾನಿನ ಸೆಲ್ಯುಲಾರ್ ಜೈಲು. 1896ರಿಂದ 1906ರ ನಡುವೆ ಕಟ್ಟಿದ ಆ ಸೆರೆಮನೆಯೂ ನಡುಗೋಪುರದಿಂದ ಏಳು ರೆಕ್ಕೆಗಳು ಚಾಚಿದ ವಿನ್ಯಾಸದ್ದು, 693 ಕೋಣೆಗಳಿದ್ದವು. ಇಂದು ಉಳಿದಿರುವುದು ಮೂರು ರೆಕ್ಕೆಗಳು. ಅಳಿದವುಗಳಲ್ಲಿ ಕೆಲವು ಜಪಾನೀಯರ ಆಕ್ರಮಣ ಕಾಲದಲ್ಲಿ ಬಿದ್ದರೆ, ಉಳಿದವು ಬಿದ್ದದ್ದು ಸ್ವಾತಂತ್ರ್ಯಾನಂತರ. ಆವರಣದಲ್ಲಿ 1963ರಲ್ಲಿ ಆಸ್ಪತ್ರೆ ಬಂದಿತು. ಅಲ್ಲಿ ಸೆರೆಯಲ್ಲಿದ್ದ ಸ್ವಾತಂತ್ರ್ಯ ಹೋರಾಟಗಾರರ ವಿರೋಧದಿಂದ ಕೆಡಹುವ ಕೆಲಸ ನಿಂತು, 1979ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಆಸ್ಪತ್ರೆಯೂ ಜನಹಿತದ ಕೆಲಸವೇ. ಆದರೂ ಒಂದು ಒಳ್ಳೆಯ ಉದ್ದೇಶ ಇನ್ನೊಂದರ ಕುರುಹನ್ನು ಅಳಿಸಬಹುದೆಂಬುದಕ್ಕೆ ಇದು ಸಾಕ್ಷಿ. ಹಾಗೆ ಅಳಿಯುವುದನ್ನು ತಡೆಯಲು ಅಲ್ಲಿ ಬದುಕಿದ್ದವರೇ ಧ್ವನಿಯೆತ್ತಬೇಕಾಯಿತು. ಎಲ್ಲ ಕಟ್ಟಡಗಳಿಗೂ ಅಂಥ ಧ್ವನಿ ಇರುವುದಿಲ್ಲ.

5. ಕೆಲವು ಆಕ್ಷೇಪಗಳು

ಈ ವಾದಕ್ಕೆ ಆಕ್ಷೇಪಗಳು ಬರುವುದು ಸಹಜ. ಮೊದಲನೆಯದು ಕಾಲ ಮತ್ತು ಹಣದ್ದು. ನಗರಕ್ಕೆ ಉದ್ಯಾನ ಬೇಕು, ಆಸ್ಪತ್ರೆ ಬೇಕು; ವಿದ್ವಾಂಸರ ಅಳತೆ ಮುಗಿಯುವವರೆಗೆ ಕಾಯಲಾಗದು ಎಂಬ ಮಾತಿನಲ್ಲಿ ತೂಕವಿದೆ. ಆದರೆ ಬಂದಿಗಳು ಹೊರಟ 2000ಕ್ಕೂ ಉದ್ಯಾನ ತೆರೆದ 2008ಕ್ಕೂ ನಡುವೆ ಎಂಟು ವರ್ಷಗಳಿದ್ದವು. ಸಾಮಾನ್ಯವಾಗಿ ಇಂಥ ಸಂದರ್ಭಗಳಲ್ಲಿ ಕೊರತೆಯಾಗುವುದು ಕಾಲದ್ದಲ್ಲ. ದಾಖಲೆ ಯಾರ ಹೊಣೆ ಎಂಬುದರ ನಿರ್ಣಯದ್ದು. ಕಟ್ಟಡ ಖಾಲಿ ಮಾಡುವ ಇಲಾಖೆಗೆ ಅದು ಮುಗಿದ ಅಧ್ಯಾಯ. ವಹಿಸಿಕೊಳ್ಳುವ ಸಂಸ್ಥೆಗೆ ಅದು ಇನ್ನೂ ಆರಂಭವಾಗದ ಕೆಲಸ. ನಡುವಿನ ಅವಧಿಯಲ್ಲಿ ಕಟ್ಟಡ ಯಾರದೂ ಅಲ್ಲ. ಕಿಟಕಿ ಬಾಗಿಲು ಹೋಗುವುದು, ಕಡತ ಗೆದ್ದಲು ಹಿಡಿಯುವುದು ಇಂಥ ಅವಧಿಯಲ್ಲಿಯೇ. ಹಸ್ತಾಂತರದ ಷರತ್ತಾಗಿ ದಾಖಲೆಯನ್ನು ಸೇರಿಸುವುದೊಂದೇ ಇದಕ್ಕೆ ಪರಿಹಾರ.

ಎರಡನೆಯ ಆಕ್ಷೇಪ ತಾತ್ತ್ವಿಕವಾದುದು. ವಸಾಹತು ಆಡಳಿತದ ಸೆರೆಮನೆಯನ್ನು ಇಷ್ಟು ಪ್ರೀತಿಯಿಂದ ನೋಡುವುದೇಕೆ? ದಮನದ ಯಂತ್ರ ಅಳಿದರೆ ನಷ್ಟವೇನು? ಇದಕ್ಕೆ ಉತ್ತರ, ದಾಖಲೆಯೆಂದರೆ ಪ್ರಶಂಸೆಯಲ್ಲ. ಮಹಜರು ಬರೆಯುವವನು ಅಪರಾಧವನ್ನು ಮೆಚ್ಚಿ ಬರೆಯುವುದಿಲ್ಲ. ಯಂತ್ರ ಹೇಗೆ ನಡೆಯುತ್ತಿತ್ತೆಂದು ತಿಳಿಯದಿದ್ದರೆ ಅದು ಬೇರೊಂದು ರೂಪದಲ್ಲಿ ಮರಳಿದಾಗ ಗುರುತು ಸಿಗುವುದಿಲ್ಲ. ವಸಾಹತು ಸರ್ಕಾರ ಹೋದ ಮೇಲೆಯೂ ಇದೇ ಬ್ಯಾರಕ್‌ಗಳು 1975ರಲ್ಲಿ ಪ್ರಜಾಪ್ರಭುತ್ವದ ಸರ್ಕಾರಕ್ಕೆ ಒದಗಿಬಂದವೆಂಬುದನ್ನು ಗಮನಿಸಿದರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ.

ಮೂರನೆಯದಾಗಿ, ಚಂದದ ಕಟ್ಟಡಗಳಿಗೇ ರಕ್ಷಣೆ ಇಲ್ಲದಿರುವಾಗ ಸಾಧಾರಣ ಕಟ್ಟಡಗಳ ಚಿಂತೆ ಏಕೆ ಎಂಬ ಪ್ರಶ್ನೆ. ಅಠಾರಾ ಕಚೇರಿಯನ್ನು ಕೆಡವುವ ಪ್ರಸ್ತಾಪ 1980ರ ದಶಕದಲ್ಲಿ ಬಂದಾಗ ನಾಗರಿಕರು ವಿರೋಧಿಸಿದರು. ಆ ಕಟ್ಟಡ ಉಚ್ಚ ನ್ಯಾಯಾಲಯವಾಗಿ ಇಂದಿಗೂ ನಿಂತಿದೆ. ಅದರ ಸೌಂದರ್ಯವೇ ಅದಕ್ಕೆ ವಕೀಲನಾಯಿತು. ಮೈಸೂರಿನಲ್ಲಿ 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಭಾಗ ಕುಸಿಯಿತು. ದುರಸ್ತಿಯೋ ನೆಲಸಮವೋ ಎಂಬ ವಿವಾದ ವರ್ಷಗಟ್ಟಲೆ ನಡೆಯಿತು. ಅಪಾಯದ ಮಾತು ಬಂದ ಮೇಲೆ ಕಟ್ಟಡವನ್ನು ಶಾಂತವಾಗಿ ಓದುವ ಅವಕಾಶ ಇರುವುದಿಲ್ಲ. ಚಂದದ ಕಟ್ಟಡಕ್ಕೂ, ಸಾಧಾರಣ ಕಟ್ಟಡಕ್ಕೂ ದಾಖಲೆಯ ಕಾಲ ಒಂದೇ: ಬಿಕ್ಕಟ್ಟು ಬರುವ ಮೊದಲು.

6. ಉಪಸಂಹಾರ

ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಅವರು 1942ರ ಚಳವಳಿಯಲ್ಲಿ ಬಂಧಿತರಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಸೆರೆವಾಸ ಅನುಭವಿಸಿದರು. ತುರ್ತುಪರಿಸ್ಥಿತಿಯಲ್ಲಿ ಮತ್ತೆ ಬಂಧಿತರಾದರು. 2021ರಲ್ಲಿ, 103ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಮೊದಲು, ಇಳಿವಯಸ್ಸಿನಲ್ಲಿಯೂ ಸ್ವಾತಂತ್ರ್ಯ ಉದ್ಯಾನದ ಧರಣಿಗಳಲ್ಲಿ ಭಾಗವಹಿಸಿದ್ದರು. ಒಂದೇ ನೆಲದ ಎರಡು ಅವಸ್ಥೆಗಳನ್ನು ಒಬ್ಬರೇ ಕಂಡ ಇಂಥ ಬದುಕು ಅಪರೂಪ. ಅವರೊಬ್ಬರು ಇರುವಷ್ಟು ಕಾಲ ಸೆರೆಮನೆಗೂ ಉದ್ಯಾನಕ್ಕೂ ನಡುವೆ ಜೀವಂತ ಸೇತುವೆಯಿತ್ತು. ಆ ತಲೆಮಾರು ಮರೆಯಾದ ಮೇಲೆ ಸೇತುವೆಯ ಕೆಲಸವನ್ನು ದಾಖಲೆಯೇ ಮಾಡಬೇಕು.

2021ರ ಕೊನೆಯಲ್ಲಿ ಹೊರಬಂದ ಆದೇಶವೊಂದು ಬೆಂಗಳೂರಿನ ಧರಣಿ, ಪ್ರತಿಭಟನೆಗಳನ್ನು ಸ್ವಾತಂತ್ರ್ಯ ಉದ್ಯಾನಕ್ಕೆ ಸೀಮಿತಗೊಳಿಸಿತು. ಭಿನ್ನಮತವನ್ನು ಬಂಧಿಸಿಡುತ್ತಿದ್ದ ಪ್ರಾಕಾರವೇ ಭಿನ್ನಮತಕ್ಕೆ ಅನುಮತಿ ದೊರೆಯುವ ಆವರಣವಾಯಿತು. ಇದು ನಗರದ ಸಂಚಾರ ವ್ಯವಸ್ಥೆಗೆ ಅಗತ್ಯವಾದ ಕ್ರಮವೆಂದು ಕೆಲವರು, ಪ್ರತಿರೋಧವನ್ನು ಗೋಡೆಯೊಳಗೆ ತಳ್ಳುವ ಕ್ರಮವೆಂದು ಕೆಲವರು ವಾದಿಸಬಹುದು. ಆ ವಾದವನ್ನು ಅರಿವಿನಿಂದ ನಡೆಸಬೇಕಾದರೆ, ಈ ಆವರಣ ಮೊದಲು ಏನಾಗಿತ್ತು, ಅದರ ಗೋಡೆ ಎಲ್ಲಿತ್ತು, ಬಾಗಿಲು ಯಾವ ಕಡೆಗಿತ್ತು, ಗೋಪುರದಿಂದ ಏನು ಕಾಣುತ್ತಿತ್ತು ಮತ್ತು ಏನು ಕಾಣುತ್ತಿರಲಿಲ್ಲ ಎಂಬುದು ನಾಗರಿಕರಿಗೆ ತಿಳಿದಿರಬೇಕು. ಗೋಪುರ ಇಂದಿಗೂ ನಿಂತಿದೆ. ಅದು ನೋಡುತ್ತಿದ್ದ ಬದುಕನ್ನು ಬರೆದಿಡುವ ಕೆಲಸ ಈ ಕಟ್ಟಡದ ಮಟ್ಟಿಗೆ ತಡವಾಗಿದ್ದರೂ ಪೂರ್ತಿ ಮುಗಿದುಹೋಗಿಲ್ಲ. ಉಳಿದ ಬ್ಯಾರಕ್‌ಗಳನ್ನು ಅಳೆಯಬಹುದು, ಪತ್ರಾಗಾರದ ಕಡತಗಳನ್ನು ತೆರೆಯಬಹುದು, ಬದುಕಿರುವ ವಾರ್ಡರುಗಳನ್ನೂ ಬಂದಿಗಳನ್ನೂ ಕೇಳಬಹುದು. ನಾಡಿನ ಜಿಲ್ಲಾ ಕೇಂದ್ರಗಳಲ್ಲಿ ಸ್ಥಳಾಂತರಕ್ಕೆ ಕಾದಿರುವ ಹಳೆಯ ಆಸ್ಪತ್ರೆ, ಕಚೇರಿ, ಶಾಲೆಗಳ ವಿಷಯದಲ್ಲಿ ಕಾಲ ಇನ್ನೂ ಮೀರಿಲ್ಲ. ಅಲ್ಲಿ ಬೀಗ ಹಾಕುವ ದಿನವೇ ಅಳತೆಪಟ್ಟಿ ಒಳಹೋಗಬೇಕು.